ಅಕ್ಕನ ಮಾತ್ರೆ, ತಳವಿಲ್ಲದ ಲೋಟ

ಮಾರ್ಚ್ ೩, ಸೋಮವಾರ

ಅಕ್ಕನ ಕುತ್ತಿಗೆಯ ಗಡ್ಡೆ ತೆಗೆಯಲೇಬೇಕಂತೆ. ಮುಂದಿನ ವಾರ ಗುರುವಾರ ಆಪರೇಷನ್. ಗಡ್ಡೆ ಕೆಟ್ಟದ್ದಲ್ಲ, ಆದರೆ ಶ್ವಾಸನಾಳವನ್ನು ಒತ್ತುತ್ತಿದೆ, ಬೆಳೆಯುತ್ತಲೂ ಇದೆ, ತಡ ಮಾಡಿದರೆ ಉಸಿರಿಗೇ ಸಂಚಕಾರ ಎಂದು ಸರ್ಜನ್ ಹೇಳಿದರು. ಉಸಿರಿಗೇ ಎಂದರೆ ಹೇಗೆ ಎಂದು ನಾನು ಮೂರು ಸಲ ಕೇಳಿದೆ. ಅಕ್ಕ ಮಾತ್ರ ಅಂಗಡಿಯಲ್ಲಿ ಟೈರಿನ ವಿಷಯ ಮಾತಾಡುವವಳ ಹಾಗೆ, ಗುರುವಾರದ ಕ್ಲಾಸನ್ನು ಬುಧವಾರಕ್ಕೆ ಹಾಕಿಕೊಂಡರಾಯಿತು ಎಂದಳು.

ಅವಳದು ಕಾರು ಕಲಿಸುವ ಶಾಲೆ. ಕಲಿಯುವವರ ಪಕ್ಕದಲ್ಲಿ ಕೂತು ತನ್ನ ಕಾಲಡಿಗೊಂದು ಹೆಚ್ಚುವರಿ ಬ್ರೇಕು ಇಟ್ಟುಕೊಂಡು ಊರೆಲ್ಲ ಸುತ್ತುತ್ತಾಳೆ. ಕಲಿತವರೆಲ್ಲ ಅವಳನ್ನು ‘ಬ್ರೇಕ್ ಅಕ್ಕ’ ಅನ್ನುತ್ತಾರೆ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಮದುವೆಯ ಮಾತೆತ್ತಿದರೆ, ಒಬ್ಬನನ್ನು ಸಾಕಿದ್ದೇ ಸಾಕಾಗಿದೆ ಅನ್ನುತ್ತಾಳೆ. ನನ್ನನ್ನು ಕರೆಯುವುದು ಪುಕ್ಕಲ ಎಂದು. ಸುಳ್ಳೇನಲ್ಲ.

ಆಮೇಲೆ ಅರಿವಳಿಕೆ ಡಾಕ್ಟರನ್ನು ಕಂಡೆವು. ನರೆತ ಹುಬ್ಬಿನ, ಮಾತು ಕಡಿಮೆಯ ಮನುಷ್ಯ. ನಿದ್ದೆಯ ಮದ್ದಿನ ಜೊತೆಗೆ ಮೈಯ ಸ್ನಾಯುಗಳನ್ನೆಲ್ಲ ಸಡಿಲ ಮಾಡುವ ಮದ್ದು ಕೊಡುತ್ತಾರಂತೆ. ಆಗ ಉಸಿರಾಡುವ ಸ್ನಾಯುವೂ ನಿಲ್ಲುತ್ತದೆ, ಉಸಿರನ್ನು ಯಂತ್ರ ಆಡಿಸುತ್ತದೆ. ಮುಗಿದ ಮೇಲೆ ಆ ಮದ್ದನ್ನು ಹಿಡಿದು ಹಾಕಲು ಇನ್ನೊಂದು ಮದ್ದು. ಅದು ಉಂಗುರದಂಥ ಅಣು ಎಂದು ಅವರು ಹೇಳಿದ್ದೇ ತಡ, ಅಕ್ಕ ಹೆಮ್ಮೆಯಿಂದ, ನನ್ನ ತಮ್ಮನ ಕೆಲಸವೂ ಅದೇ ಎಂದುಬಿಟ್ಟಳು.

ಹೌದು, ಅದೇ. ಹದಿನೈದು ವರ್ಷದಿಂದ ಲ್ಯಾಬಿನಲ್ಲಿ ಉಂಗುರದಂಥ ಅಣುಗಳನ್ನು ಕಟ್ಟುತ್ತಿದ್ದೇನೆ. ತಳವಿಲ್ಲದ ಲೋಟ ಅಂದುಕೊಂಡರೆ ಸರಿ. ಒಳಗೆ ಹಿಡಿಸುವಷ್ಟು ಸಣ್ಣ ಅಣು ಬಂದರೆ ಕೂತುಕೊಳ್ಳುತ್ತದೆ. ಲೋಟವನ್ನು ಆತಿಥೇಯ, ಕೂತದ್ದನ್ನು ಅತಿಥಿ ಅನ್ನುತ್ತೇವೆ. ಇಷ್ಟು ದಿನ ಅದು ನನಗೆ ಅನ್ನ ಹಾಕುವ ಕೆಲಸ ಮಾತ್ರವಾಗಿತ್ತು. ಇವತ್ತು ಅಕ್ಕನ ಉಸಿರು ಅದನ್ನೇ ನೆಚ್ಚಿಕೊಂಡಿದೆ ಎಂದು ಗೊತ್ತಾಯಿತು.

ಮಾರ್ಚ್ ೪, ಮಂಗಳವಾರ

ಬೆಳಿಗ್ಗೆ ಅಕ್ಕ ಮಾತ್ರೆ ನುಂಗುವುದನ್ನು ನೋಡಿದೆ. ಹಿಂದೆ ಎದೆಯ ಕ್ಯಾನ್ಸರಿಗೆ ಆಪರೇಷನ್ ಆದಾಗಿನಿಂದ ದಿನಾ ಒಂದು ನುಂಗುತ್ತಾಳೆ. ನಾನು ಅವಳ ಬಾಯನ್ನೇ ನೋಡುತ್ತಾ ನಿಂತುಬಿಟ್ಟೆ. ಏನೋ ಹಾಗೆ ಗುರಾಯಿಸ್ತೀಯ, ನಿಂಗೂ ಒಂದು ಬೇಕಾ ಎಂದಳು.

ನನ್ನ ತಲೆಗೆ ಬಂದದ್ದು ಇಷ್ಟು. ಲೋಟಕ್ಕೆ ಬೀಗವಿಲ್ಲ. ಅತಿಥಿ ಕೂರುತ್ತಾನೆ, ಏಳುತ್ತಾನೆ, ಮತ್ತೆ ಕೂರುತ್ತಾನೆ. ಅಷ್ಟರಲ್ಲಿ ಇನ್ನೂ ಚೆನ್ನಾಗಿ ಹಿಡಿಸುವ ಬೇರೊಬ್ಬ ಬಂದರೆ ಮೊದಲಿನವನಿಗೆ ಜಾಗವಿಲ್ಲ. ಅಕ್ಕನ ಮಾತ್ರೆಯ ಅಣುವಿನ ಆಕಾರ ನನಗೆ ಗೊತ್ತು. ಅದಕ್ಕೆ ಉದ್ದನೆಯ ಬಾಲ ಇದೆ. ಅದೇನಾದರೂ ಲೋಟದಲ್ಲಿ ಕೂತರೆ ಸ್ನಾಯು ಸಡಿಲಿಸುವ ಮದ್ದು ಬೀದಿಗೆ ಬಿತ್ತು ಎಂದರ್ಥ. ಆಪರೇಷನ್ ಮುಗಿದಿದೆ, ಯಂತ್ರ ತೆಗೆದಿದ್ದಾರೆ, ಆಗ ಅಕ್ಕನ ಉಸಿರು ನಿಂತರೆ?

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದೆ, ಹಾಗೇ ಮುಚ್ಚಿದೆ.

ಮಾರ್ಚ್ ೬, ಗುರುವಾರ

ಅಕ್ಕನ ಮಾತ್ರೆಯ ಪಟ್ಟಿಯಿಂದ ಒಂದನ್ನು ಎಗರಿಸಿ ಲ್ಯಾಬಿಗೆ ಒಯ್ದೆ. ಅರೆದೆ, ಬೆಚ್ಚಗಿನ ಆಲ್ಕೋಹಾಲಿನಲ್ಲಿ ಕರಗಿಸಿದೆ, ಸೋಸಿದೆ, ನೀರು ಬೆರೆಸಿದೆ. ಆಸ್ಪತ್ರೆಯವರು ಕೊಡುವಂಥದೇ ಉಂಗುರ ನಮ್ಮ ಕಪಾಟಿನಲ್ಲಿದೆ. ಅದನ್ನು ಕಾವು ಅಳೆಯುವ ಯಂತ್ರದಲ್ಲಿಟ್ಟು ಮಾತ್ರೆಯ ದ್ರವವನ್ನು ತೊಟ್ಟು ತೊಟ್ಟಾಗಿ ಬಿಟ್ಟೆ. ಅತಿಥಿ ಒಳಗೆ ಕೂರುವಾಗ ಚೂರು ಶಾಖ ಹೊಮ್ಮುತ್ತದೆ. ಯಂತ್ರ ಅದನ್ನು ಗೆರೆಯಾಗಿ ಬರೆಯುತ್ತದೆ.

ಗೆರೆ ಸರ್ರನೆ ಇಳಿದು, ಬಳುಕಿ, ಮಟ್ಟಸವಾಗಿ ನಿಂತಿತು. ಬೇರೆ ದಿನ ಇಂಥ ಗೆರೆ ಬಂದಿದ್ದರೆ ಎಲ್ಲರಿಗೂ ಚಹಾ ಕೊಡಿಸುತ್ತಿದ್ದೆ. ಇವತ್ತು ಯಾರಿಗೂ ತೋರಿಸದೆ ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡೆ. ಮಾತ್ರೆ ಲೋಟದಲ್ಲಿ ಗಟ್ಟಿಯಾಗಿ ಕೂರುತ್ತದೆ. ನನ್ನ ಭಯ ನಿಜವಾಯಿತು.

ಮಾರ್ಚ್ ೭, ಶುಕ್ರವಾರ

ಹೇಳಬೇಕು. ಯಾರಿಗೆ ಹೇಗೆ ಹೇಳುವುದು? ಆ ಅರಿವಳಿಕೆ ಡಾಕ್ಟರು ನಕ್ಕರೆ? ನಗಲಿ. ನಗದೆ, ಹೌದು ಅಂದುಬಿಟ್ಟರೆ?

ಮಾರ್ಚ್ ೮, ಶನಿವಾರ

ಹೇಳಿದೆ. ಅಕ್ಕನೂ ಜೊತೆಗಿದ್ದಳು. ಡಾಕ್ಟರು ನಗಲಿಲ್ಲ. ಗೆರೆಯ ಕಾಗದವನ್ನು ಕನ್ನಡಕ ಏರಿಸಿ ನೋಡಿದರು. ಇದನ್ನು ಪೂರ್ತಿ ನಂಬುತ್ತೇನೆ ಅಂತಲ್ಲ, ಆದರೆ ಅನುಮಾನ ಕಿವಿಗೆ ಬಿದ್ದ ಮೇಲೆ ಬಿಡುವ ಹಾಗೂ ಇಲ್ಲ ಎಂದರು. ಎರಡು ದಾರಿ ಹೇಳಿದರು. ಉಂಗುರದ ಮದ್ದು ಬಿಟ್ಟು ಹಳೆಯ ಮದ್ದು ಬಳಸಿ, ಹೆಚ್ಚು ಹೊತ್ತು ಯಂತ್ರದ ಮೇಲಿಟ್ಟು ನೋಡಿಕೊಂಡು, ಗೊತ್ತು ಮಾಡಿದ ದಿನವೇ ಮಾಡುವುದು ಒಂದು. ಕ್ಯಾನ್ಸರ್ ಡಾಕ್ಟರನ್ನು ಕೇಳಿ ಮಾತ್ರೆಯನ್ನು ಕೆಲವು ದಿನ ನಿಲ್ಲಿಸಿ ಆಮೇಲೆ ಮಾಡುವುದು ಇನ್ನೊಂದು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ, ಕಾಯೋಣ ಎಂದಳು.

ಬರುವಾಗ ಅವಳು ಬಹಳ ಖುಷಿಯಲ್ಲಿದ್ದಳು. ದಾರಿಯಲ್ಲಿ ಇಳಿದು ಕಾರಿಗೆ ಹೊಸ ಸೀಟು ಕವರು ಕೊಂಡಳು. ನನ್ನ ತಮ್ಮ ಇಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತು ಎಂದು ಅಂಗಡಿಯವರಿಗೆಲ್ಲ ಹೇಳಿದಳು. ಅವಳ ಬಾಯಿಂದ ನಾನು ಹೊಗಳಿಸಿಕೊಂಡದ್ದು ಎಷ್ಟು ವರ್ಷಗಳ ಮೇಲೋ. ಮನೆಗೆ ಬಂದು ಇಬ್ಬರೂ ಹೊಟ್ಟೆ ತುಂಬ ಉಂಡೆವು.

ಮಾರ್ಚ್ ೧೨, ಬುಧವಾರ

ಅಕ್ಕನ ಕೋಣೆಯ ಮಂಚದ ಮೇಲೆ ಮೂರು ದಿಂಬು ಒಂದರ ಮೇಲೊಂದು. ಯಾಕೆ ಎಂದರೆ, ಓದೋಕೆ ಎಂದಳು. ಅವಳು ಕಾರಿನ ಕೈಪಿಡಿ ಬಿಟ್ಟು ಬೇರೇನೂ ಓದಿದ್ದನ್ನು ನಾನು ಕಂಡಿಲ್ಲ. ಮೆಟ್ಟಿಲು ಹತ್ತಿ ಬಂದಾಗ ಉಸಿರಿನಲ್ಲಿ ಸಣ್ಣ ಸಿಳ್ಳೆಯಂಥ ಸದ್ದು ಬರುತ್ತದೆ. ನಾನು ನೋಡುತ್ತಿದ್ದೇನೆ ಅನ್ನಿಸಿದರೆ ಕೆಮ್ಮಿ ಮರೆಸುತ್ತಾಳೆ.

ಆಸ್ಪತ್ರೆಯಿಂದ ಫೋನು ಬಂದಿತ್ತು. ಕ್ಯಾನ್ಸರ್ ಡಾಕ್ಟರು ಮಾತ್ರೆ ನಿಲ್ಲಿಸಬಹುದು ಅಂದರಂತೆ, ದಿನ ಗೊತ್ತು ಮಾಡೋಣ ಎಂದರಂತೆ. ಅಕ್ಕ ನನ್ನ ಎದುರಿಗೇ, ನನ್ನ ತಮ್ಮನ ಪರೀಕ್ಷೆ ಇನ್ನೂ ಮುಗಿದಿಲ್ಲ, ಮುಗಿಯಲಿ ಎಂದು ಇಟ್ಟುಬಿಟ್ಟಳು. ಯಾವ ಪರೀಕ್ಷೆ ಎಂದು ಕೇಳಿದೆ. ಇನ್ನೊಂದ್ಸಲ ಮಾಡಿ ನೋಡು, ನಿನ್ನ ಲೆಕ್ಕದ ಮೇಲೆ ನಂಗೆ ಪೂರ್ತಿ ನಂಬಿಕೆ ಎಂದಳು. ಇಷ್ಟೊಂದು ನಂಬಿಕೆ ಯಾವಾಗಿನಿಂದ ಬಂತೋ ತಿಳಿಯದು. ಆದರೂ ಮಾಡಿ ನೋಡುತ್ತೇನೆ.

ಮಾರ್ಚ್ ೧೭, ಸೋಮವಾರ

ಯಂತ್ರದ ಮುಂದೆ ಕೂತಿದ್ದಾಗ ನಮ್ಮ ಲ್ಯಾಬಿನ ಮುಖ್ಯಸ್ಥೆ ಹಿಂದೆ ಬಂದು ನಿಂತರು. ನಾವು ಮೇಡಂ ಅನ್ನುತ್ತೇವೆ. ಬಾಯಿ ಸ್ವಲ್ಪ ಜೋರು, ಮನಸ್ಸು ಒಳ್ಳೆಯದು. ಏನು ಅಳೆಯುತ್ತಿದ್ದೀರಿ ಎಂದು ಕೇಳಿದರು. ಮುಚ್ಚಿಡಲು ನನಗೆ ಬರುವುದಿಲ್ಲ, ಎಲ್ಲ ಹೇಳಿದೆ.

ಮೇಡಂ ಗೆರೆ ನೋಡಿದರು, ಅರೆದ ಪುಡಿ ನೋಡಿದರು, ನನ್ನ ಮುಖ ನೋಡಿದರು.

“ಮಾತ್ರೆನ ಹಾಗೇ ಪುಡಿ ಮಾಡಿ ಹಾಕಿದ್ರಾ?”

“ಸೋಸಿದೆ ಮೇಡಂ.”

“ಮಾತ್ರೇಲಿ ಮದ್ದು ಒಂದೇ ಇರುತ್ತೇನ್ರೀ? ಔಷಧಿ ಇಲ್ಲದೆ ಬರೀ ಮಿಕ್ಕಿದ್ದನ್ನ ಹಾಕಿ ನೋಡಿದ್ರಾ?”

ನೋಡಿಲ್ಲ. ಹೊಸದಾಗಿ ಸೇರಿದವರಿಗೆ ನಾನು ಮೊದಲ ದಿನ ಕಲಿಸುವ ಪಾಠವೇ ಅದು. ಮೇಡಂ ಬಯ್ಯಲಿಲ್ಲ, ಮನೆಯವರ ವಿಷಯ ಬಂದರೆ ಎಲ್ಲರ ಬುದ್ಧಿಯೂ ಮಂಕಾಗುತ್ತದೆ ಎಂದು ಹೊರಟುಹೋದರು. ಬೈದಿದ್ದರೆ ವಾಸಿಯಿತ್ತು.

ಮಾರ್ಚ್ ೧೮, ಮಂಗಳವಾರ

ಅಕ್ಕನ ಮದ್ದು ಇಲ್ಲದ ಬೇರೆ ಮಾತ್ರೆಯಾಗಲಿ ಎಂದು ತಲೆನೋವಿನ ಮಾತ್ರೆ ಅರೆದು ಹಾಕಿದೆ. ಅದೇ ಗೆರೆ. ಅದೇ ಇಳಿತ, ಅದೇ ಬಳುಕು.

ಮದ್ದು ಬೇರೆ ಬೇರೆಯಾದರೂ ಎರಡೂ ಮಾತ್ರೆಯಲ್ಲಿ ಸಮಾನವಾಗಿ ಇರುವುದು ಒಂದೇ ವಸ್ತು. ಮಾತ್ರೆ ಒತ್ತುವಾಗ ಅಚ್ಚಿಗೆ ಅಂಟದಿರಲಿ ಎಂದು ಒಂದು ಚಿಟಿಕೆ ಕೊಬ್ಬಿನ ಪುಡಿ ಸೇರಿಸುತ್ತಾರೆ. ಬೆಚ್ಚಗಿನ ಆಲ್ಕೋಹಾಲಿನಲ್ಲಿ ಕರಗಿ ಸೋಸುಕಾಗದದಿಂದ ನುಸುಳಿದೆ. ಆ ಕೊಬ್ಬಿನ ಉದ್ದ ಬಾಲ ಲೋಟದೊಳಗೆ ಹೋಗಿ ಹಾಯಾಗಿ ಕೂತಿದೆ. ಹೊಟ್ಟೆಗೆ ಹೋದರೆ ಊಟದ ಎಣ್ಣೆಯ ಹಾಗೆ ಜೀರ್ಣವಾಗುವ ವಸ್ತು. ಅದಕ್ಕೆ ಹೆದರಿ ನಾನು ಆಪರೇಷನ್ನು ನಿಲ್ಲಿಸಿದ್ದೇನೆ.

ಮಾರ್ಚ್ ೧೯, ಬುಧವಾರ

ಮಾತ್ರೆಯ ಮದ್ದನ್ನು ಬೇರ್ಪಡಿಸಿ, ಶುದ್ಧ ಮಾಡಿ ಹಾಕಿದೆ. ಗೆರೆ ಇಳಿಯಲೇ ಇಲ್ಲ ಅನ್ನಬೇಕು. ಲೋಟದ ಬಾಯಿಯವರೆಗೆ ಬಂದು ಹಿಂದೆ ಹೋಗುವ ಅತಿಥಿ. ಯಾರನ್ನೂ ಎಬ್ಬಿಸುವ ಶಕ್ತಿ ಅದಕ್ಕಿಲ್ಲ. ಮತ್ತೆ ಹಾಕಿದೆ. ಅದೇ. ಮೇಡಂ ಕೂಡ ನೋಡಿ ಸರಿ ಎಂದರು.

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಾಳೆ ಅಕ್ಕನಿಗೆ ಹೇಳುತ್ತೇನೆ. ಎಷ್ಟು ಸಂತೋಷಪಡುತ್ತಾಳೋ.

ಮಾರ್ಚ್ ೨೦, ಗುರುವಾರ

ಸಂತೋಷಪಡಲಿಲ್ಲ.

ಬೆಳಿಗ್ಗೆ ಕಾರು ಕಲಿಸುವ ಮೈದಾನಕ್ಕೆ ಹೋದೆ. ಮೊದಲ ಕ್ಲಾಸಿನವರು ಇನ್ನೂ ಬಂದಿರಲಿಲ್ಲ. ಅಕ್ಕ ತನ್ನ ಸೀಟಿನಲ್ಲಿ ಕೂತಿದ್ದಳು. ನಾನು ಡ್ರೈವರ್ ಸೀಟಿನಲ್ಲಿ ಕೂತೆ. ಕಾರು ಓಡಿಸಲು ಇವತ್ತಿಗೂ ಬಾರದವನು ಅಲ್ಲಿ ಕೂತದ್ದಕ್ಕೆ ಅವಳು ಏನಾದರೂ ಅನ್ನಬೇಕಿತ್ತು, ಅನ್ನಲಿಲ್ಲ. ಕೊಬ್ಬಿನ ಪುಡಿಯ ಕಥೆಯನ್ನೆಲ್ಲ ಹೇಳಿದೆ. ನನ್ನ ಪೆದ್ದತನಕ್ಕೆ ನಾನೇ ನಕ್ಕೆ. ಅವಳು ಗಾಜಿನಾಚೆ ನೋಡುತ್ತಿದ್ದಳು.

“ಯಾರಿಗೆ ಹೇಳಿದ್ದೀಯ?”

“ನಿಂಗೇ ಮೊದಲು. ಈಗ ಆಸ್ಪತ್ರೆಗೆ ಫೋನ್ ಮಾಡ್ತೀನಿ.”

“ಬೇಡ.”

ನನಗೆ ಅರ್ಥವಾಗಲಿಲ್ಲ. ಆ ಗೆರೆ ಸರಿಯಾಗಿಯೇ ಇತ್ತು ಎಂದು ಇರಲಿ ಬಿಡು, ನಿನ್ನ ಗಂಟೇನು ಹೋಗುತ್ತದೆ ಎಂದಳು. ಗಡ್ಡೆ ಒತ್ತುತ್ತಿದೆಯಲ್ಲ ಎಂದರೆ, ಇಷ್ಟು ವರ್ಷ ಒತ್ತಿಲ್ಲವೇ ಎಂದಳು. ನಾನು ಸಿಟ್ಟಾದೆ. ಅಕ್ಕನ ಮೇಲೆ ನಾನು ದನಿಯೇರಿಸಿದ್ದು ಇದೇ ಮೊದಲಿರಬೇಕು. ಏನಾಗಿದೆ ನಿಂಗೆ ಎಂದು ಕೂಗಿದೆ. ಆಗ ಅವಳು ನನ್ನ ಕಡೆ ತಿರುಗದೆಯೇ ಹೇಳಿದಳು.

“ಎದೆ ಆಪರೇಷನ್ ಆಯ್ತಲ್ಲ, ಅವತ್ತು ನಂಗೆ ಎಚ್ಚರ ಆಗಿತ್ತು ಕಣೋ. ಎಲ್ಲ ಕೇಳಿಸ್ತಿತ್ತು. ಯಾರೋ ಮಕ್ಕಳ ಸ್ಕೂಲಿನ ವಿಷಯ ಮಾತಾಡ್ತಿದ್ರು. ಕಣ್ಣು ಬಿಡೋಣ ಅಂದ್ರೆ ರೆಪ್ಪೆ ಏಳಲ್ಲ. ಉಸಿರು ಎಳ್ಕೊಳೋಣ ಅಂದ್ರೆ ಎದೆ ಏಳಲ್ಲ. ಕೂಗ್ತಾ ಇದೀನಿ, ಬಾಯೇ ಇಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಯಾರೋ ನೋಡಿ ಉಸಿರು ಕೊಟ್ರು.”

ಯಾಕೆ ಹೇಳಲಿಲ್ಲ ಎಂದೆ. “ಹೇಳಿದ್ರೆ ನೀನು ಸತ್ತೇ ಹೋಗ್ತಿದ್ದೆ” ಎಂದಳು. ಆಮೇಲೆ, “ನಂಗೆ ಭಯ ಕಣೋ. ಸಾಯೋಕಲ್ಲ. ಮತ್ತೆ ಹಾಗೆ ಮಲಗೋಕೆ. ಯಾರಿಗೂ ಹೇಳಬೇಡ, ನನ್ನಾಣೆ” ಎಂದಳು.

ಅಷ್ಟರಲ್ಲಿ ಕಲಿಯುವ ಹುಡುಗಿ ಬಂದಳು. ಅಕ್ಕ ಕನ್ನಡಿ ಸರಿಮಾಡಿಕೊಂಡು, ನಮ್ಮ ಸೈಂಟಿಸ್ಟು ಇಳಿಯಲಿ, ಆಮೇಲೆ ಹತ್ತಮ್ಮ ಎಂದು ಎಂದಿನ ದನಿಯಲ್ಲೇ ಹೇಳಿದಳು. ನಾನು ಇಳಿದು ಲ್ಯಾಬಿಗೆ ಹೋದೆ. ಇಡೀ ದಿನ ಏನು ಮಾಡಿದೆನೋ ದೇವರಿಗೇ ಗೊತ್ತು.

ಮಾರ್ಚ್ ೨೧, ಶುಕ್ರವಾರ

ಹೇಳಲಿಲ್ಲ.

ಮಾರ್ಚ್ ೨೨, ಶನಿವಾರ

ಇವತ್ತೂ ಇಲ್ಲ. ಫೋನು ಕೈಗೆತ್ತಿಕೊಂಡು ಇಟ್ಟೆ. ಹೇಳಿದರೆ ಅಕ್ಕನನ್ನು ನಾನೇ ಕೈಹಿಡಿದು ಆ ಮೇಜಿನ ಮೇಲೆ ಮಲಗಿಸಿದ ಹಾಗೆ. ಏನಾದರೂ ಹೆಚ್ಚುಕಮ್ಮಿ ಆದರೆ ಬದುಕಿರುವ ತನಕ ನನ್ನ ಮುಖ ನಾನು ನೋಡಿಕೊಳ್ಳಲಾರೆ. ಹೇಳದಿದ್ದರೆ ಆ ಸಿಳ್ಳೆ ದಿನಾ ಕೇಳಬೇಕು. ಇವತ್ತು ಕೂತಲ್ಲಿಯೂ ಕೇಳಿಸಿತು.

ಮಾರ್ಚ್ ೨೪, ಸೋಮವಾರ

ಮಧ್ಯಾಹ್ನ ಲ್ಯಾಬಿಗೆ ಫೋನು ಬಂತು. ಕಲಿಯುವ ಹುಡುಗಿ. ದೊಡ್ಡ ರಸ್ತೆಯಲ್ಲಿ ಹೋಗುವಾಗ ಅಕ್ಕನಿಗೆ ಉಸಿರು ಕಟ್ಟಿತಂತೆ. ಕುತ್ತಿಗೆ ಹಿಡಿದುಕೊಂಡು ಬ್ರೇಕು ಒತ್ತಿ ಕಾರು ನಿಲ್ಲಿಸಿ, ಬಾಗಿಲು ತೆರೆದು ಫುಟ್‌ಪಾತಿನ ಮೇಲೆ ಕೂತಳಂತೆ. ನಾನು ಓಡಿದೆ. ಹೋಗುವಷ್ಟರಲ್ಲಿ ಸುಧಾರಿಸಿಕೊಂಡಿದ್ದಳು. ಮುಖ ಬೂದಿಯಾಗಿತ್ತು, ಬೆರಳ ತುದಿ ನೀಲಿ. ಬಿಸಿಲಿಗೆ ಹೀಗಾಯ್ತು ಎಂದಳು. ಬಿಸಿಲೇ ಇರಲಿಲ್ಲ.

ಆಟೋದಲ್ಲಿ ಅವಳನ್ನು ಮನೆಗೆ ಬಿಟ್ಟು, ಚಹಾ ಪುಡಿ ತರುತ್ತೇನೆ ಎಂದು ಹೊರಟವನು ನೇರ ಆಸ್ಪತ್ರೆಗೆ ಹೋದೆ. ಅರಿವಳಿಕೆ ಡಾಕ್ಟರು ಬರುವ ತನಕ ಬಾಗಿಲಲ್ಲೇ ನಿಂತೆ. ನನ್ನ ಗೆರೆ ತಪ್ಪು, ನನ್ನ ಬುದ್ಧಿಗೆ ಮಂಕು ಕವಿದಿತ್ತು, ಮಾತ್ರೆಯಿಂದ ತೊಂದರೆಯಿಲ್ಲ, ಇವತ್ತು ರಸ್ತೆಯಲ್ಲಿ ಅವಳಿಗೆ ಉಸಿರು ಕಟ್ಟಿತ್ತು ಎಂದೆ. ಆಮೇಲೆ ಆಣೆಯನ್ನೂ ಮುರಿದೆ. ಹಿಂದಿನ ಆಪರೇಷನ್ನಿನಲ್ಲಿ ಅವಳಿಗೆ ಆದದ್ದನ್ನು ಹೇಳಿದೆ. ಹೇಳುವಾಗ ನನಗೆ ಅಳು ಬಂತು, ಅತ್ತೆ.

ಅವರು ಕಾಗದದ ಕರವಸ್ತ್ರ ಮುಂದಿಟ್ಟರು. ಗೆರೆಯ ವಿಷಯ ಅರ್ಧ ನಿಮಿಷದಲ್ಲಿ ಮುಗಿಸಿದರು. ಹಿಂದಿನ ಆಪರೇಷನ್ನಿನ ವಿಷಯ ಮಾತ್ರ ಮತ್ತೆ ಮತ್ತೆ ಕೇಳಿದರು. ಕೊನೆಗೆ, “ಇದನ್ನ ಮೊದಲೇ ಹೇಳಿದ್ರೆ ಉಂಗುರದ ಲೆಕ್ಕ ಎಲ್ಲ ಬೇಕಿರಲಿಲ್ಲ. ರಾತ್ರಿ ಮತ್ತೆ ಉಸಿರು ಕಟ್ಟಿದ್ರೆ ಆಗಲೇ ಬನ್ನಿ, ಇಲ್ಲದಿದ್ರೆ ನಾಳೆ ಬೆಳಿಗ್ಗೆ ಕರ್ಕೊಂಡು ಬನ್ನಿ, ಅವರ ಹತ್ರ ನಾನು ಮಾತಾಡಬೇಕು” ಎಂದರು.

ಚಹಾ ಪುಡಿ ಮರೆತು ಬಂದೆ. ಖಾಲಿ ಕೈ ನೋಡಿದ್ದೇ ಅಕ್ಕನಿಗೆ ಗೊತ್ತಾಗಿಹೋಯಿತು. ನನ್ನಾಣೆ ಹಾಕಿದ್ದೆನಲ್ಲೋ ಎಂದಳು. ಹೌದು ಎಂದೆ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರ್ಚ್ ೨೫, ಮಂಗಳವಾರ

ನನ್ನ ಜೊತೆ ಮಾತಿಲ್ಲ. ಆದರೂ ಸೀರೆ ಉಟ್ಟು ಹೊರಟಳು. ಬಾಡಿಗೆ ಕಾರಿನಲ್ಲಿ ತಾನು ಮುಂದೆ ಕೂತು ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದಳು.

ಡಾಕ್ಟರು ಅವಳಿಂದಲೇ ಎಲ್ಲ ಕೇಳಿದರು. ನಡುವೆ ಬಾಯಿ ಹಾಕಲಿಲ್ಲ, ಹೆದರಬೇಡಿ ಎಂದೂ ಅನ್ನಲಿಲ್ಲ. ನಿಮಗೆ ಆದದ್ದು ಕನಸಲ್ಲ, ಮದ್ದಿನ ಶಕ್ತಿ ಪೂರ್ತಿ ಇಳಿಯುವ ಮೊದಲೇ ಯಂತ್ರ ತೆಗೆದಿದ್ದಾರೆ, ತಪ್ಪು ನಮ್ಮ ಕಡೆಯವರದು ಎಂದರು. ಇಷ್ಟು ವರ್ಷ ಅದು ತನ್ನ ಭ್ರಮೆಯೇನೋ ಎಂದುಕೊಂಡಿದ್ದಳಂತೆ.

ಆಮೇಲೆ ಅವರು ಸಣ್ಣ ಯಂತ್ರವೊಂದನ್ನು ತೆಗೆದರು. ಮಣಿಕಟ್ಟಿನ ನರಕ್ಕೆ ವಿದ್ಯುತ್ತಿನ ಚುರುಕು ಕೊಟ್ಟರೆ ಹೆಬ್ಬೆರಳು ತಾನಾಗಿಯೇ ಕುಪ್ಪಳಿಸುತ್ತದೆ. ಸ್ನಾಯು ಸಡಿಲವಾಗಿದ್ದರೆ ಕುಪ್ಪಳಿಸುವುದಿಲ್ಲ. ಇದನ್ನು ನಿಮ್ಮ ಕೈಗೆ ಕಟ್ಟುತ್ತೇನೆ, ಹೆಬ್ಬೆರಳು ಮೊದಲಿನಷ್ಟೇ ಜೋರಾಗಿ ಕುಪ್ಪಳಿಸುವ ತನಕ ಉಸಿರಿನ ಯಂತ್ರ ತೆಗೆಯುವುದಿಲ್ಲ, ಎಚ್ಚರವನ್ನೂ ಬರಿಸುವುದಿಲ್ಲ, ಪಕ್ಕದಲ್ಲೇ ಕೂತಿರುತ್ತೇನೆ ಎಂದರು. ತೋರಿಸಿ ಎಂದಳು ಅಕ್ಕ. ಮೊದಲು ಯಾರ ಕೈಗೆ ಎಂದರು. ಅವಳು ನನ್ನ ಕಡೆ ಬೊಟ್ಟು ಮಾಡಿದಳು.

ಕಟ್ಟಿದರು, ಒತ್ತಿದರು. ಹೆಬ್ಬೆರಳು ಕಪ್ಪೆಯ ಹಾಗೆ ಹಾರಿತು. ನಾನು ಅಯ್ಯಮ್ಮ ಎಂದು ಕುರ್ಚಿಯ ಸಮೇತ ಹಿಂದೆ ಸರಿದೆ. ಅಕ್ಕ ನಕ್ಕಳು. ನಗುತ್ತಾ ನಗುತ್ತಾ ಉಸಿರು ಸಿಳ್ಳೆ ಹೊಡೆಯಿತು, ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಇನ್ನೊಂದ್ಸಲ ಒತ್ತಿ ಡಾಕ್ಟ್ರೇ ಎಂದಳು. ಒತ್ತಿದರು. ಆಮೇಲೆ ಆಪರೇಷನ್ನಿನ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದಳು.

ಮಾರ್ಚ್ ೨೮, ಶುಕ್ರವಾರ

ಆಸ್ಪತ್ರೆಯ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಒಳಗೆ ಕರೆದುಕೊಂಡು ಹೋದರು. ಗಾಡಿಯ ಮೇಲೆ ಮಲಗಿದ್ದವಳು ಬಾಗಿಲವರೆಗೂ ನನ್ನ ತೋಳು ಹಿಡಿದಿದ್ದಳು. ಉಗುರು ನೆಟ್ಟ ಗುರುತು ಇನ್ನೂ ಇದೆ. ನರ್ಸು ಬಿಡಿ ಅಮ್ಮಾ ಎಂದಾಗ ಬಿಟ್ಟಳು.

ಬಾಗಿಲು ತೆರೆದಾಗೆಲ್ಲ ಎದ್ದು ನಿಲ್ಲುತ್ತೇನೆ. ಬೇರೆಯವರ ಮನೆಯವರನ್ನು ಕರೆಯುತ್ತಾರೆ, ಕೂರುತ್ತೇನೆ. ಪಕ್ಕದಲ್ಲಿ ಕೂತ ಅಜ್ಜಿಯ ಗಂಡನೂ ಒಳಗಿದ್ದಾರಂತೆ. ಅಜ್ಜಿ ನನಗಿಂತ ಹೆಚ್ಚು ಹೆದರಿದ್ದರು. ಒಳಗೆ ಏನು ಮಾಡುತ್ತಾರೆ, ಯಂತ್ರ ಯಾವಾಗ ತೆಗೆಯುತ್ತಾರೆ, ಹೆಬ್ಬೆರಳು ಹೇಗೆ ಕುಪ್ಪಳಿಸುತ್ತದೆ ಎಂದೆಲ್ಲ ಹೇಳಿದೆ. ನೀವು ಡಾಕ್ಟರಾ ಎಂದು ಕೇಳಿದರು. ಅಲ್ಲ, ಅಕ್ಕ ಒಳಗಿದ್ದಾಳೆ ಎಂದೆ. ಚಹಾ ತಂದುಕೊಟ್ಟೆ, ಕುಡಿದರು.

ಇನ್ನೂ ಕರೆದಿಲ್ಲ. ಬರೆಯಲು ಆಗುತ್ತಿಲ್ಲ.

ಮಾರ್ಚ್ ೨೯, ಶನಿವಾರ

ಅಕ್ಕ ಉಸಿರಾಡುತ್ತಿದ್ದಾಳೆ. ಸಿಳ್ಳೆಯಿಲ್ಲ.

ನಿನ್ನೆ ಹೊರಗೆ ತಂದಾಗ ನನ್ನನ್ನು ಗುರುತಿಸಿ ತಲೆಯಾಡಿಸಿದಳಷ್ಟೆ. ಗಂಟಲು ಕಟ್ಟಿದೆ, ಮಾತಾಡಬೇಡಿ ಎಂದಿದ್ದಾರೆ. ಅವಳಿಗೆ ಅದು ಆಪರೇಷನ್ನಿಗಿಂತ ದೊಡ್ಡ ಶಿಕ್ಷೆ. ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ ಎಂದು ಬೆಳಿಗ್ಗೆ ನರ್ಸು ದೂರು ಹೇಳಿದರು. ಮದ್ದು ಕೊಟ್ಟರೂ ಎದ್ದು ಕೂರುತ್ತಾರೆ, ರೆಪ್ಪೆ ಬಡಿದು ಬಡಿದು ನೋಡಿಕೊಳ್ಳುತ್ತಾರೆ ಎಂದರು. ನಾನು ಸ್ಟೂಲು ಎಳೆದುಕೊಂಡು ಮಂಚದ ಹತ್ತಿರ ಕೂತೆ. ಆಣೆ ಮುರಿದದ್ದಕ್ಕೆ ಬೈಯುತ್ತಾಳೆ ಎಂದುಕೊಂಡಿದ್ದೆ. ಕೈಸನ್ನೆ ಮಾಡಿ ಬಗ್ಗು ಎಂದಳು. ಕಿವಿ ಕೊಟ್ಟೆ.

“ನಿದ್ದೆ ಬರ್ತಿದೆ ಕಣೋ. ನಾನು ಉಸಿರಾಡ್ತಾ ಇದೀನಾ ಅಂತ ನೋಡ್ತಿರ್ತೀಯಾ?”

“ನೋಡ್ತಿರ್ತೀನಿ.”

“ಎದ್ದು ಹೋಗ್ಬೇಡ.”

“ಎಲ್ಲಿಗೂ ಹೋಗಲ್ಲ, ಮಲಗು.”

ಕಣ್ಣು ಮುಚ್ಚಿದಳು. ಎರಡು ಸಲ ತೆರೆದು ನಾನಿದ್ದೇನೆಯೇ ಎಂದು ನೋಡಿದಳು. ಮೂರನೆಯ ಸಲ ತೆರೆಯಲಿಲ್ಲ. ಹೊದಿಕೆ ಏಳುತ್ತದೆ, ಇಳಿಯುತ್ತದೆ.

ಮೇಡಂ ಫೋನು ಮಾಡಿದರು. ಅಕ್ಕನನ್ನು ವಿಚಾರಿಸಿಕೊಂಡು, ಕೊನೆಗೆ ಯಾವ ಮದ್ದು ಕೊಟ್ಟರು, ನಮ್ಮ ಉಂಗುರವೋ ಹಳೆಯದೋ ಎಂದು ಕೇಳಿದರು. ಡಾಕ್ಟರು ಬೆಳಿಗ್ಗೆ ಬಂದು ಹೋಗಿದ್ದರು, ನಾನು ಕೇಳಿರಲಿಲ್ಲ. ಗೊತ್ತಿಲ್ಲ ಮೇಡಂ, ಅಕ್ಕ ಮಲಗಿದ್ದಾಳೆ, ಆಮೇಲೆ ಮಾತಾಡುತ್ತೇನೆ ಎಂದು ಮೆಲ್ಲಗೆ ಹೇಳಿ ಇಟ್ಟೆ.